ಎಪಿ ಕೆಮಿಸ್ಟ್ರಿ ಬಿಡಿಸಬೇಕೋ ಬೇಡವೋ? ಹನ್ನೊಂದನೇ ತರಗತಿಯ ಟೈಮ್‌ಟೇಬಲ್ ಗೊಂದಲ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗಳು ಈ ವರ್ಷ ಹನ್ನೊಂದನೇ ತರಗತಿ. ಶಾಲೆ ಶುರುವಾಗಿ ಎರಡು ವಾರ ಆಯಿತು. ಒಂದನೇ ಪಿರಿಯಡ್ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲ್‌ನಲ್ಲೇ ಓದುವ ಕಾಲೇಜು ಮಟ್ಟದ ಕ್ಲಾಸ್) ಕೆಮಿಸ್ಟ್ರಿ, ಎರಡು ಎಪಿ ಯುಎಸ್ ಹಿಸ್ಟರಿ, ಮೂರು ಆನರ್ಸ್ ಪ್ರಿಕ್ಯಾಲ್ಕುಲಸ್, ನಾಲ್ಕು ಎಪಿ ಇಂಗ್ಲಿಷ್ ಲ್ಯಾಂಗ್ವೇಜ್, ಐದು ಆರ್ಕೆಸ್ಟ್ರಾ (ವಯೊಲಿನ್ ನುಡಿಸುತ್ತಾಳೆ), ಆರು ಸ್ಪ್ಯಾನಿಷ್ 3. ಹತ್ತನೇ ತರಗತಿಯ ಸಾಮಾನ್ಯ ಕೆಮಿಸ್ಟ್ರಿಯಲ್ಲಿ ಬಿ ಪ್ಲಸ್ ಬಂದಿತ್ತು. ಈಗ ಎಪಿಯ ಮೊದಲ ಕ್ವಿಜ್‌ನಲ್ಲಿ 62. ರಾತ್ರಿ ಒಂದು ಗಂಟೆಯ ತನಕ ಹಿಸ್ಟರಿ ನೋಟ್ಸ್, ಇಂಗ್ಲಿಷ್ ಪ್ರಬಂಧ ಅಂತ ಕೂತಿರುತ್ತಾಳೆ, ಬೆಳಗ್ಗೆ 6.45ಕ್ಕೆ ಏಳಬೇಕು. ಕೆಮಿಸ್ಟ್ರಿ ಬಿಟ್ಟುಬಿಡ್ತೀನಿ ಅಂತ ಅಳುತ್ತಾಳೆ. ಬದಲಿಗೆ ಸಾಮಾನ್ಯ ಫಿಸಿಕ್ಸ್ ಕೊಡಬಹುದು, ಆದರೆ ಮೂರನೇ ಪಿರಿಯಡ್‌ನಲ್ಲಿ ಮಾತ್ರ ಸೀಟಿದೆ, ಆಗ ಪ್ರಿಕ್ಯಾಲ್ಕುಲಸ್ ಐದನೇ ಪಿರಿಯಡ್‌ಗೆ ಹೋಗುತ್ತದೆ, ಆರ್ಕೆಸ್ಟ್ರಾ ಬಿಡಬೇಕಾಗುತ್ತದೆ ಎಂದು ಕೌನ್ಸೆಲರ್ ಹೇಳಿದ್ದಾರೆ. ಬದಲಾಯಿಸಲು ಮುಂದಿನ ಶುಕ್ರವಾರ ಕೊನೆಯ ದಿನ. ನಮ್ಮವರು, "ಈಗ ಬಿಟ್ಟರೆ ಕಾಲೇಜಿನವರು ಏನಂದುಕೊಳ್ತಾರೆ, ಡಾಕ್ಟರ್ ಆಗೋದನ್ನ ಮರೆತುಬಿಡಬೇಕಷ್ಟೆ" ಅನ್ನುತ್ತಾರೆ. ಅವಳು ಸೈಕಾಲಜಿ ಓದ್ತೀನಿ ಅಂತಾಳೆ. ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ 62 ಅಲ್ಲ. ಮಗಳು ಬಿಡುತ್ತೇನೆ ಅನ್ನುತ್ತಿರುವುದು ಕೆಮಿಸ್ಟ್ರಿಯನ್ನು, ಆದರೆ ರಾತ್ರಿ ಒಂದು ಗಂಟೆಯ ತನಕ ಬರೆಯುತ್ತಿರುವುದು ಹಿಸ್ಟರಿ ಮತ್ತು ಇಂಗ್ಲಿಷ್. ಅಳು ಬರಿಸುವ ವಿಷಯ ಒಂದು, ನಿದ್ದೆ ಕದಿಯುವ ವಿಷಯ ಇನ್ನೊಂದು ಇರಬಹುದು. ಇವೆರಡನ್ನೂ ಬೇರೆ ಮಾಡದೆ ಫಾರ್ಮ್‌ಗೆ ಸಹಿ ಹಾಕಿದರೆ ಕೆಮಿಸ್ಟ್ರಿಯೂ ಹೋಗಿ, ಆರ್ಕೆಸ್ಟ್ರಾವೂ ಹೋಗಿ, ಅಕ್ಟೋಬರ್‌ನಲ್ಲಿ ಅವಳು ಅದೇ ಒಂದು ಗಂಟೆಗೆ ಅದೇ ಮೇಜಿನ ಮುಂದೆ ಕೂತಿರುತ್ತಾಳೆ.

ಶುಕ್ರವಾರದೊಳಗೆ ಒಂದು ಕೆಲಸ ಆಗಲಿ. ನಾಲ್ಕೈದು ದಿನ ಅವಳೇ ಒಂದು ಹಾಳೆಯಲ್ಲಿ ಬರೆದಿಡಲಿ: ಯಾವ ವಿಷಯಕ್ಕೆ ಎಷ್ಟು ಗಂಟೆಗೆ ಕೂತಳು, ಎಷ್ಟಕ್ಕೆ ಎದ್ದಳು, ಅದರಲ್ಲಿ ಏನೂ ತೋಚದೆ ಸುಮ್ಮನೆ ಕೂತ ನಿಮಿಷಗಳೆಷ್ಟು. ಈ ಕೊನೆಯ ಅಂಕಣವೇ ಮುಖ್ಯ. ಹಿಸ್ಟರಿ ಎರಡು ಗಂಟೆ, ತೋಚದೆ ಕೂತದ್ದು ಐದು ನಿಮಿಷ ಅಂತ ಬಂದರೆ ಅದು ಕೆಲಸದ ಹೊರೆ. ಓದಬೇಕಾದ ಪುಟಗಳೇ ಅಷ್ಟಿವೆ, ಎಷ್ಟು ಚುರುಕಾದ ಮಕ್ಕಳಿಗೂ ಅಷ್ಟು ಹೊತ್ತು ಹಿಡಿಯುತ್ತದೆ. ಕೆಮಿಸ್ಟ್ರಿ ಐವತ್ತು ನಿಮಿಷ, ಅದರಲ್ಲಿ ತೋಚದೆ ಕೂತದ್ದು ಮೂವತ್ತೈದು ಅಂತ ಬಂದರೆ ಅದು ಅರ್ಥವಾಗದ ಕಷ್ಟ. ಟೈಮ್‌ಟೇಬಲ್ ಬದಲಾವಣೆ ಮೊದಲನೆಯದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಬಹಳ ಸಲ ಟೀಚರ್ ಬಳಿ ಮೂರು ಮಧ್ಯಾಹ್ನ ಕೂತರೆ ಸಾಕಾಗುತ್ತದೆ. ಫೋನ್ ನೋಡಿದ ಸಮಯವನ್ನೂ ಬರೆಯಲಿ, ಆದರೆ ಆ ಹಾಳೆಯನ್ನು ನೀವು ಬೈಯುವುದಕ್ಕೆ ಬಳಸುವುದಿಲ್ಲ ಅಂತ ಮೊದಲೇ ಮಾತು ಕೊಡಿ. ಇಲ್ಲದಿದ್ದರೆ ಸುಳ್ಳು ಲೆಕ್ಕ ಬರುತ್ತದೆ.

ಈಗ ಆ ಕ್ವಿಜ್. ಎಪಿ ಕೆಮಿಸ್ಟ್ರಿಯಲ್ಲಿ ಒಟ್ಟು ಒಂಬತ್ತು ಯೂನಿಟ್. ಮೊದಲನೆಯದರಲ್ಲಿ ಮೋಲ್ (ಕಣಗಳ ಎಣಿಕೆಯ ಅಳತೆ) ಲೆಕ್ಕ, ಮಾಸ್ ಸ್ಪೆಕ್ಟ್ರಮ್, ಎಲೆಕ್ಟ್ರಾನ್ ವಿನ್ಯಾಸ, ಫೋಟೊಎಲೆಕ್ಟ್ರಾನ್ ಸ್ಪೆಕ್ಟ್ರಮ್, ಆವರ್ತ ಕೋಷ್ಟಕದ ಒಲವುಗಳು ಬರುತ್ತವೆ. ಸಾಮಾನ್ಯ ಕೆಮಿಸ್ಟ್ರಿ ಮತ್ತು ಆಲ್ಜಿಬ್ರಾ 2 ಮುಗಿಸಿದವರಿಗೆ ಈ ಕೋರ್ಸ್ ಎಂದು ಎಪಿ ನಡೆಸುವ ಕಾಲೇಜ್ ಬೋರ್ಡ್ ಹೇಳುತ್ತದೆ, ನಿಮ್ಮ ಮಗಳದ್ದು ಎರಡೂ ಆಗಿದೆ. ಹಾಗಾಗಿ ಇದು ಅವಳ ಕ್ಲಾಸೇ ಅಲ್ಲ ಅನ್ನುವ ಹಾಗಿಲ್ಲ. ಆ ಕ್ವಿಜ್ ಪೇಪರ್ ತೆಗೆದು ನೋಡಿ, ಅಂಕ ಹೋದದ್ದು ಎಲ್ಲಿ? ಫೋಟೊಎಲೆಕ್ಟ್ರಾನ್ ಸ್ಪೆಕ್ಟ್ರಮ್‌ನ ಗ್ರಾಫ್ ಓದಲು ಬಾರದೆ ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಹತ್ತನೇ ತರಗತಿಯಲ್ಲಿ ಕಂಡಿರದ ವಸ್ತು, ಎಲ್ಲರೂ ಅಲ್ಲಿ ಎಡವುತ್ತಾರೆ, ಒಂದು ವಾರದಲ್ಲಿ ಕಲಿಯಬಹುದು. ಗ್ರಾಂನಿಂದ ಮೋಲ್‌ಗೆ, ಮೋಲ್‌ನಿಂದ ಕಣಗಳ ಸಂಖ್ಯೆಗೆ ಹೋಗುವ ಸರಳ ಲೆಕ್ಕದಲ್ಲೇ ತಪ್ಪಿದ್ದರೆ ಮಾತ್ರ ನಿಲ್ಲಿ. ಮೋಲ್ ಆ ಕೋರ್ಸ್‌ನ ಕೊನೆಯ ದಿನದವರೆಗೂ ಬೆನ್ನು ಬಿಡುವುದಿಲ್ಲ. ಏಳನೇ ಯೂನಿಟ್‌ನ ಸಮತೋಲನ, ಎಂಟರ ಆಮ್ಲ-ಪ್ರತ್ಯಾಮ್ಲ, ಒಂಬತ್ತರ ಎಲೆಕ್ಟ್ರೋಕೆಮಿಸ್ಟ್ರಿ ಎಲ್ಲವೂ ಅದರ ಮೇಲೆ ನಿಂತಿವೆ, ಮತ್ತು ಕೋರ್ಸ್ ನಿಜವಾಗಿ ಕಠಿಣವಾಗುವುದೇ ಆಗ. ಬಿ ಪ್ಲಸ್ ಇದ್ದೂ ಮೋಲ್ ಅಲುಗಾಡುತ್ತಿದ್ದರೆ, ಮುಂದಿನ ಎರಡು ವಾರಾಂತ್ಯ ಹಳೆಯ ಕೆಮಿಸ್ಟ್ರಿ ಪುಸ್ತಕ ತೆಗೆದು ಕೂರಲು ಅವಳು ಸಿದ್ಧಳಿದ್ದಾಳಾ ಅಂತ ಕೇಳಿ. ಇಲ್ಲ ಅಂದರೆ ಬಿಡುವ ಯೋಚನೆ ಸರಿಯಾದದ್ದೇ.

ಇನ್ನು ಕೌನ್ಸೆಲರ್ ಕೊಟ್ಟ ಪರಿಹಾರ. ಅವರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಒಬ್ಬ ಕೌನ್ಸೆಲರ್‌ಗೆ 250 ವಿದ್ಯಾರ್ಥಿಗಳು ಸಾಕು ಅನ್ನುವುದು ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘದ ಶಿಫಾರಸು. ಹೆಚ್ಚಿನ ರಾಜ್ಯಗಳಲ್ಲಿ ಸರಾಸರಿ ಅದಕ್ಕಿಂತ ಎಷ್ಟೋ ಮೇಲಿದೆ. ಶಾಲೆ ಶುರುವಾದ ಎರಡನೇ ವಾರ ಅವರ ಬಾಗಿಲ ಮುಂದೆ ಸಾಲು ನಿಂತಿರುತ್ತದೆ. ನೀವು ಕೆಮಿಸ್ಟ್ರಿ ಬಿಟ್ಟು ಬೇರೆ ಸೈನ್ಸ್ ಅಂತ ಕೇಳಿದಿರಿ, ಅವರು ಕಂಪ್ಯೂಟರ್‌ನಲ್ಲಿ ಹುಡುಕಿ ಸಿಕ್ಕ ಮೊದಲ ಜೋಡಣೆ ಹೇಳಿದರು. ಅಷ್ಟೇ ಆಗಿರುವುದು. ಪ್ರಶ್ನೆ ಬದಲಾಯಿಸಿದರೆ ಉತ್ತರವೂ ಬದಲಾಗುತ್ತದೆ.

ಜೋಡಣೆಯನ್ನೇ ಬಿಡಿಸಿ ನೋಡೋಣ. ಹೈಸ್ಕೂಲ್‌ನ ಟೈಮ್‌ಟೇಬಲ್‌ನಲ್ಲಿ ಕೆಲವು ಕ್ಲಾಸ್‌ಗಳು ದಿನಕ್ಕೆ ಒಂದೇ ಸಲ ನಡೆಯುತ್ತವೆ. ಆರ್ಕೆಸ್ಟ್ರಾ ಅಂಥದ್ದು. ಮೇಲಿನ ಹಂತದ ಎಪಿ ಸೈನ್ಸ್‌ಗಳೂ ಬಹಳ ಶಾಲೆಗಳಲ್ಲಿ ಅಂಥವೇ. ಅವು ಗೂಟ ಹೊಡೆದ ಹಾಗೆ, ಉಳಿದದ್ದೆಲ್ಲ ಅವುಗಳ ಸುತ್ತ ಸರಿಯಬೇಕು. ಸಾಮಾನ್ಯ ಯುಎಸ್ ಹಿಸ್ಟರಿ ಹಾಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮುಗಿಸಲು ಅದು ಎಲ್ಲರಿಗೂ ಕಡ್ಡಾಯ, ಹನ್ನೊಂದನೇ ತರಗತಿಯ ಮಕ್ಕಳೆಲ್ಲ ಅದನ್ನೋ ಅದರ ಎಪಿಯನ್ನೋ ತೆಗೆದುಕೊಂಡಿರುತ್ತಾರೆ, ಆದ್ದರಿಂದ ದಿನವಿಡೀ ಹಲವು ಪಿರಿಯಡ್‌ಗಳಲ್ಲಿ ನಡೆಯುತ್ತಿರುತ್ತದೆ. ಅವಳ ಎರಡನೇ ಪಿರಿಯಡ್‌ನಲ್ಲೂ ಒಂದು ಸೆಕ್ಷನ್ ಇರುವ ಸಾಧ್ಯತೆ ಚೆನ್ನಾಗಿದೆ. ಇದ್ದರೆ ಎಪಿ ಹಿಸ್ಟರಿಯಿಂದ ಸಾಮಾನ್ಯ ಹಿಸ್ಟರಿಗೆ ಹೋಗುವುದು ಕೊಠಡಿ ಬದಲಾಯಿಸಿದಷ್ಟೇ. ಇನ್ನೈದು ಕ್ಲಾಸ್ ಅಲುಗಾಡುವುದಿಲ್ಲ, ಆರ್ಕೆಸ್ಟ್ರಾ ಉಳಿಯುತ್ತದೆ. ನೀವು ಬರೆದಿರುವುದನ್ನು ನೋಡಿದರೆ ನಿದ್ದೆ ತಿನ್ನುತ್ತಿರುವುದೂ ಅದೇ.

ಇದನ್ನು ಕೌನ್ಸೆಲರ್ ನಿಮಗೆ ಹೇಳಲಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ.

ಎರಡನೇ ದಾರಿಯೂ ಒಂದಿದೆ. ಕೆಮಿಸ್ಟ್ರಿಯನ್ನೇ ಬಿಡಬೇಕು ಅಂತ ತೀರ್ಮಾನವಾದರೆ ಒಂದನೇ ಪಿರಿಯಡ್ ಖಾಲಿಯಾಗುತ್ತದಲ್ಲ, ಆನರ್ಸ್ ಅಲ್ಲದ ಸಾಮಾನ್ಯ ಪ್ರಿಕ್ಯಾಲ್ಕುಲಸ್ ಆ ಹೊತ್ತಿಗೆ ಇದೆಯಾ ಕೇಳಿ. ಇದ್ದರೆ ಫಿಸಿಕ್ಸ್ ಮೂರಕ್ಕೆ, ಗಣಿತ ಒಂದಕ್ಕೆ, ಆರ್ಕೆಸ್ಟ್ರಾ ಐದರಲ್ಲೇ. ಆದರೆ ಇದರಲ್ಲಿ ಎರಡು ಕ್ಲಾಸ್‌ಗಳ ಮಟ್ಟ ಒಟ್ಟಿಗೆ ಇಳಿಯುತ್ತದೆ, ಚೆನ್ನಾಗಿ ನಡೆಯುತ್ತಿರುವ ಗಣಿತವನ್ನು ಕೆಮಿಸ್ಟ್ರಿಯ ಸಲುವಾಗಿ ಬಲಿ ಕೊಟ್ಟ ಹಾಗಾಗುತ್ತದೆ. ನನಗೆ ಅಷ್ಟು ಇಷ್ಟವಿಲ್ಲ. ಹನ್ನೆರಡರಲ್ಲಿ ಕ್ಯಾಲ್ಕುಲಸ್‌ಗೆ ಹೋಗಲು ಸಾಮಾನ್ಯ ಪ್ರಿಕ್ಯಾಲ್ಕುಲಸ್ ಸಾಕಾ ಎಂಬುದನ್ನಾದರೂ ಗಣಿತದ ಟೀಚರ್ ಹತ್ತಿರ ಕೇಳಿಕೊಂಡೇ ಮುಂದುವರಿಯಿರಿ.

ಝೀರೋ ಪಿರಿಯಡ್ ಅಂತ ಒಂದು ಆಮಿಷ ಬರಬಹುದು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲ್‌ಗಳು ಬೆಳಗ್ಗೆ 8.30ಕ್ಕಿಂತ ಮೊದಲು ಶುರುವಾಗುವಂತಿಲ್ಲ, ಆದರೆ ಕೆಲವೇ ಮಕ್ಕಳಿಗಾಗಿ ಅದಕ್ಕೂ ಮುಂಚೆ ಝೀರೋ ಪಿರಿಯಡ್ ನಡೆಸಲು ಕಾನೂನು ಬಿಡುತ್ತದೆ. ಒಂದು ಕ್ಲಾಸ್ ಅಲ್ಲಿಗೆ ಹಾಕಿದರೆ ಎಲ್ಲವೂ ಕೂತುಬಿಡುತ್ತದೆ ಅಂತ ಯಾರಾದರೂ ಅಂದಾರು. ಬೇಡವೇ ಬೇಡ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುವುದು ಅಮೆರಿಕದ ನಿದ್ರಾ ವೈದ್ಯರ ಸಲಹೆ, ಹದಿವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ನಿದ್ದೆ ಬರುವ ಹಾಗೆ ಸರಿದಿರುತ್ತದೆ. ನಿಮ್ಮ ಮಗಳು ಈಗಲೇ ಆರು ಗಂಟೆಯೂ ಮಲಗುತ್ತಿಲ್ಲ.

ಇದೇ ಲೆಕ್ಕವನ್ನು ಪ್ರತಿ ಬದಲಾವಣೆಗೂ ಹಾಕಿ. ಕೆಮಿಸ್ಟ್ರಿ ಬಿಟ್ಟರೆ ಎಷ್ಟು ಸಮಯ ಉಳಿಯುತ್ತದೆ ಅಂತ ಅವಳ ಹಾಳೆ ನೋಡಿ ಹೇಳಬಹುದು, ಆದರೆ ಫಿಸಿಕ್ಸ್‌ಗೂ ಹೋಮ್‌ವರ್ಕ್ ಇರುತ್ತದೆ, ಅದನ್ನು ಕಳೆಯಬೇಕು. ವಾರಕ್ಕೆ ಕೆಮಿಸ್ಟ್ರಿ ಐದೂವರೆ ಗಂಟೆ ತಿನ್ನುತ್ತಿದ್ದು ಫಿಸಿಕ್ಸ್ ಮೂರು ಗಂಟೆ ಕೇಳುವುದಾದರೆ ಉಳಿದದ್ದು ಎರಡೂವರೆ, ಅಂದರೆ ಶಾಲೆಯ ದಿನಕ್ಕೆ ಅರ್ಧ ಗಂಟೆ. ಒಂದು ಗಂಟೆಗೆ ಮಲಗುವವಳು ಹನ್ನೆರಡೂವರೆಗೆ ಮಲಗುತ್ತಾಳೆ. ಇದಕ್ಕಾಗಿ ಆರ್ಕೆಸ್ಟ್ರಾ ಬಿಡುವುದೇ? ಆರ್ಕೆಸ್ಟ್ರಾ ಬಿಟ್ಟದ್ದರಿಂದ ಸಮಯ ಸಿಗುತ್ತದೆ ಅನ್ನುವುದೂ ನಿಜವಲ್ಲ, ಆ ಹೊತ್ತಿಗೆ ಪ್ರಿಕ್ಯಾಲ್ಕುಲಸ್ ಬಂದು ಕೂರುತ್ತದೆ. ಆರು ಪಿರಿಯಡ್‌ಗಳಲ್ಲಿ ಪುಸ್ತಕ ಮುಚ್ಚಿಟ್ಟು ಕೂರುವ ಒಂದೇ ಪಿರಿಯಡ್ ಅದು. ಅವಳಿಗೇ ವಯೊಲಿನ್ ಸಾಕಾಗಿದ್ದರೆ ಮಾತು ಬೇರೆ. ಆದರೆ ಟೈಮ್‌ಟೇಬಲ್‌ನಲ್ಲಿ ಜಾಗ ಸಿಗಲಿಲ್ಲ ಅನ್ನುವ ಕಾರಣಕ್ಕೆ ಹೋಗಬಾರದು.

ನಿಮ್ಮವರ ಆತಂಕಕ್ಕೆ ಬರುತ್ತೇನೆ. ಅದರಲ್ಲಿ ಎರಡು ಭಯಗಳಿವೆ, ಎರಡಕ್ಕೂ ಬೇರು ನಮ್ಮೂರಿನ ಪಿಯುಸಿಯಲ್ಲಿದೆ ಅನ್ನಿಸುತ್ತದೆ. ನಮ್ಮಲ್ಲಿ ಹದಿನಾರನೇ ವಯಸ್ಸಿಗೆ ಪಿಸಿಎಂಬಿ ಬಿಟ್ಟರೆ ಮೆಡಿಕಲ್ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಅಮೆರಿಕದಲ್ಲಿ ಮೆಡಿಕಲ್ ಶಾಲೆಗೆ ಹೋಗುವುದು ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ ಮುಗಿದ ಮೇಲೆ. ಅದಕ್ಕೆ ಬೇಕಾದ ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್ ಎಲ್ಲವನ್ನೂ ಕಾಲೇಜಿನಲ್ಲೇ ಓದುತ್ತಾರೆ. ಎಪಿ ಪರೀಕ್ಷೆಯ ಅಂಕವನ್ನು ಆ ಕೋರ್ಸ್‌ಗಳ ಬದಲಿಗೆ ಒಪ್ಪದ ಮೆಡಿಕಲ್ ಶಾಲೆಗಳೂ ಬಹಳ ಇವೆ, ಹಾಗಾಗಿ ಎಪಿಯಲ್ಲಿ ಗರಿಷ್ಠವಾದ 5 ತೆಗೆದವರೂ ಮತ್ತೆ ಜನರಲ್ ಕೆಮಿಸ್ಟ್ರಿಯ ಕ್ಲಾಸಿನಲ್ಲಿ ಕೂರುತ್ತಾರೆ. ಸೈಕಾಲಜಿ ಮೇಜರ್ ಮಾಡಿಕೊಂಡು ಆಮೇಲೆ ಮೆಡಿಕಲ್‌ಗೆ ಹೋಗುವವರೂ ಇದ್ದಾರೆ. ಹನ್ನೊಂದನೇ ತರಗತಿಯ ಒಂದು ಕ್ಲಾಸಿನಿಂದ ಆ ಬಾಗಿಲು ಮುಚ್ಚುವುದಿಲ್ಲ. ಅವಳು ಆ ಬಾಗಿಲ ಕಡೆಗೆ ನಡೆಯಲು ಇಷ್ಟಪಡುತ್ತಾಳಾ ಅನ್ನುವುದು ಈ ಶುಕ್ರವಾರದ ಪ್ರಶ್ನೆಯಲ್ಲ, ಅದನ್ನು ಇದರ ಜೊತೆ ಬೆರೆಸಬೇಡಿ.

ಕಾಲೇಜಿನವರು ಏನಂದುಕೊಳ್ಳುತ್ತಾರೆ ಅನ್ನುವುದು ಎರಡನೇ ಭಯ. ಹೆಚ್ಚಿನ ಶಾಲೆಗಳಲ್ಲಿ ಗಡುವಿನೊಳಗೆ ಬದಲಾಯಿಸಿದ ಕ್ಲಾಸ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣಿಸುವುದೇ ಇಲ್ಲ. ಗಡುವು ದಾಟಿದ ಮೇಲೆ ಬಿಟ್ಟರೆ ಡಬ್ಲ್ಯೂ (ನಡುವೆ ಬಿಟ್ಟ ಗುರುತು) ಬೀಳಬಹುದು, ಕೆಲವು ಕಡೆ ಎಫ್ ಕೂಡ. ನಿಮ್ಮ ಶಾಲೆಯ ವಿದ್ಯಾರ್ಥಿ ಕೈಪಿಡಿಯಲ್ಲಿ ಆ ದಿನಾಂಕಗಳು ಇರುತ್ತವೆ, ಇವತ್ತೇ ಓದಿ. ಅವಳು ಅರ್ಜಿ ಹಾಕುವುದು ಮುಂದಿನ ವರ್ಷದ ಶರತ್ಕಾಲದಲ್ಲಿ. ಈಗ ಮಾಡುವ ಬದಲಾವಣೆಗೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಇದೇ ಕೆಲಸವನ್ನು ಹನ್ನೆರಡನೇ ತರಗತಿಯಲ್ಲಿ, ಅರ್ಜಿ ಕಳಿಸಿದ ಮೇಲೆ ಮಾಡಿದರೆ ಕಥೆಯೇ ಬೇರೆ. ಆಗ ಯುಸಿಗಳಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಿಗೆ) ತಿಳಿಸಬೇಕು, ಖಾಸಗಿ ಕಾಲೇಜುಗಳಿಗೆ ಶಾಲೆಯಿಂದ ಅರ್ಧವಾರ್ಷಿಕ ವರದಿ ಹೋಗುತ್ತದೆ. ಬದಲಾಯಿಸುವುದಿದ್ದರೆ ಇದೇ ಒಳ್ಳೆಯ ವರ್ಷ.

ಅಂಕಗಳ ಲೆಕ್ಕವನ್ನೂ ನಿಮ್ಮವರ ಮುಂದೆ ಇಡಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಜಿಪಿಎ (ಗ್ರೇಡ್‌ಗಳ ಸರಾಸರಿ) ತೆಗೆಯುವುದು ಹತ್ತು ಮತ್ತು ಹನ್ನೊಂದನೇ ತರಗತಿಗಳ, ಆ ಆಸುಪಾಸಿನ ಬೇಸಿಗೆ ಕೋರ್ಸ್‌ಗಳ ಎ-ಜಿ ವಿಷಯಗಳಿಂದ, ಅಂದರೆ ಪ್ರವೇಶಕ್ಕೆ ಅದು ಕೇಳುವ ವಿಷಯಗಳಿಂದ. ಪ್ಲಸ್ ಮೈನಸ್ ಗಣನೆಗಿಲ್ಲ. ಎಪಿಯಲ್ಲಿ ಎ, ಬಿ ಅಥವಾ ಸಿ ಬಂದರೆ ಒಂದು ಅಂಕ ಹೆಚ್ಚು, ಆ ಹೆಚ್ಚುವರಿ ಅಂಕಕ್ಕೂ ಒಟ್ಟು ಎಂಟು ಸೆಮಿಸ್ಟರ್‌ಗಳ ಮಿತಿ. ಅಂದರೆ ಎಪಿ ಹಿಸ್ಟರಿಯಲ್ಲಿ ಬಿ ಬಂದರೂ 4, ಸಾಮಾನ್ಯ ಹಿಸ್ಟರಿಯಲ್ಲಿ ಎ ಬಂದರೂ 4. ನಷ್ಟವಾಗುವುದು ಎರಡು ಕಡೆಯೂ ಅದೇ ಗ್ರೇಡ್ ಬರುವುದಾದರೆ ಮಾತ್ರ. ಆಗಲೂ ಎಷ್ಟು? ಎರಡು ವರ್ಷದಲ್ಲಿ ಅವಳಿಗೆ 24 ಎ-ಜಿ ಸೆಮಿಸ್ಟರ್ ಗ್ರೇಡ್‌ಗಳಿವೆ ಅಂತಿಟ್ಟುಕೊಂಡರೆ, ಎರಡು ಅಂಕ ಕಳೆದುಕೊಂಡರೆ ಜಿಪಿಎ ಇಳಿಯುವುದು 0.08ರಷ್ಟು. ನಿದ್ದೆಗೆಟ್ಟು ಮೂರು ಎಪಿಗಳಲ್ಲೂ ಒಂದೊಂದು ಗ್ರೇಡ್ ಜಾರಿದರೆ ಆಗುವ ಪೆಟ್ಟು ಇದಕ್ಕಿಂತ ಎಷ್ಟೋ ದೊಡ್ಡದು. ಎ-ಜಿ ವಿಷಯಕ್ಕೆ ಸಿಗಿಂತ ಕಡಿಮೆ ಬಂದರೆ ಆ ವಿಷಯದ ಅಗತ್ಯ ಪೂರೈಸಿದ ಹಾಗಾಗುವುದಿಲ್ಲ ಎಂಬುದೂ ನೆನಪಿರಲಿ.

ಕ್ಲಾಸ್‌ಗಳ ಕಠಿಣತೆಯನ್ನು ಕಾಲೇಜುಗಳು ನೋಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿಯೇ ನೋಡುತ್ತವೆ. ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಕಾಮನ್ ಅಪ್ಲಿಕೇಶನ್‌ನಲ್ಲಿ ಕೌನ್ಸೆಲರ್, ಅದೇ ಶಾಲೆಯ ಉಳಿದವರಿಗೆ ಹೋಲಿಸಿ ಈ ವಿದ್ಯಾರ್ಥಿ ಆಯ್ದ ಕ್ಲಾಸ್‌ಗಳು ಎಷ್ಟು ಕಠಿಣ ಎಂದು ಗುರುತು ಹಾಕಬೇಕು. ಯುಸಿಗಳು ಅರ್ಜಿ ತೂಗುವ 13 ಅಂಶಗಳಲ್ಲೂ ಅದು ಸೇರಿದೆ. ಬಹಳ ಕಡಿಮೆ ಮಂದಿಯನ್ನು ಸೇರಿಸಿಕೊಳ್ಳುವ ಕಾಲೇಜುಗಳಿಗೇ ಗುರಿ ಇಟ್ಟಿದ್ದರೆ ಒಂದು ಎಪಿ ಕಡಿಮೆಯಾದದ್ದು ಸ್ವಲ್ಪ ಕಾಣುತ್ತದೆ. ಆದರೂ ಎರಡು ಎಪಿ, ಆನರ್ಸ್ ಗಣಿತ, ಮೂರನೇ ವರ್ಷದ ಸ್ಪ್ಯಾನಿಷ್, ಆರ್ಕೆಸ್ಟ್ರಾ ಇರುವ ಹನ್ನೊಂದನೇ ತರಗತಿಯನ್ನು ಸುಲಭದ್ದು ಅಂತ ಯಾರೂ ಓದುವುದಿಲ್ಲ. ಹಾಗೆ ನೋಡಿದರೆ ಸೈಕಾಲಜಿಗೆ ಹೋಗುವವಳ ಹತ್ತಿರ ಎಪಿ ಹಿಸ್ಟರಿಗಿಂತ ಒಂದು ಗಟ್ಟಿ ಲ್ಯಾಬ್ ಸೈನ್ಸ್ ಇರುವುದೇ ನನಗೆ ಹೆಚ್ಚು ಚಂದ ಕಾಣುತ್ತದೆ, ಅದು ನನ್ನ ಒಲವು.

ಬೇಕಾದರೆ ಫಿಸಿಕ್ಸ್ ಅನ್ನು ಮುಂದಿನ ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಮಾಡಬಹುದು. ಅಲ್ಲಿನ ಗ್ರೇಡ್ ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಹಾಗಾಗಿ ಆಟವಾಗಿ ತೆಗೆದುಕೊಳ್ಳುವಂಥದ್ದಲ್ಲ.

ಹಾಗಾದರೆ ನಾನು ಏನು ಹೇಳುತ್ತೇನೆ? ಹಾಳೆಯಲ್ಲಿ ಹಿಸ್ಟರಿ ಎದ್ದು ಕಂಡು, ಕ್ವಿಜ್‌ನಲ್ಲಿ ಮೋಲ್ ಲೆಕ್ಕ ಸರಿಯಿದ್ದರೆ, ಎರಡನೇ ಪಿರಿಯಡ್‌ನಲ್ಲಿ ಸಾಮಾನ್ಯ ಯುಎಸ್ ಹಿಸ್ಟರಿ ಕೇಳಿ, ಕೆಮಿಸ್ಟ್ರಿ ಉಳಿಸಿಕೊಳ್ಳಿ. ಈ ವಾರವೇ ಕೆಮಿಸ್ಟ್ರಿ ಟೀಚರ್ ಬಳಿ ಹೋಗಿ ಕ್ವಿಜ್‌ನ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬರಲಿ. ಆ ಭೇಟಿಯಲ್ಲಿ ಒಂದು ಪ್ರಶ್ನೆ ಕೇಳಲಿ: ಹೋದ ವರ್ಷ ಮೊದಲ ಕ್ವಿಜ್‌ನಲ್ಲಿ ಇಷ್ಟು ತೆಗೆದವರು ಡಿಸೆಂಬರ್ ಹೊತ್ತಿಗೆ ಎಲ್ಲಿದ್ದರು? ಟೀಚರ್ ಹತ್ತಿರ ಇರುವ ಆ ಉತ್ತರ ನನ್ನ ಹತ್ತಿರವೂ ಇಲ್ಲ, ಕೌನ್ಸೆಲರ್ ಹತ್ತಿರವೂ ಇಲ್ಲ. ಮೋಲ್‌ನಲ್ಲೇ ಸಿಕ್ಕಿಬಿದ್ದು, ಟೀಚರ್ ಕೂಡ ಹಿಂಜರಿದು, ಅವಳಿಗೂ ಬೇಡವಾಗಿದ್ದರೆ ಕೆಮಿಸ್ಟ್ರಿ ಬಿಡಿ, ಆದರೆ ಆರ್ಕೆಸ್ಟ್ರಾ ಉಳಿಯುವ ಜೋಡಣೆ ಸಿಕ್ಕರೆ ಮಾತ್ರ ಫಿಸಿಕ್ಸ್‌ಗೆ ಹೋಗಿ. ಬಯಾಲಜಿಯನ್ನೂ ಮುಗಿಸಿದ್ದರೆ ಯುಸಿಗೆ ಬೇಕಾದ ಎರಡು ವರ್ಷದ ಲ್ಯಾಬ್ ಸೈನ್ಸ್ ಆಗಲೇ ಪೂರ್ತಿಯಾಗಿದೆ. ಮೂರನೆಯದು ಶಿಫಾರಸು, ಅದನ್ನು ಹನ್ನೆರಡರಲ್ಲೂ ಮಾಡಬಹುದು.

ಕೌನ್ಸೆಲರ್‌ಗೆ ಮೇಲ್ ಅವಳೇ ಬರೆಯಲಿ, ನೀವು ಪ್ರತಿಯಲ್ಲಿರಿ. ನಾಲ್ಕು ಸಾಲು ಸಾಕು: ಎರಡನೇ ಪಿರಿಯಡ್‌ನಲ್ಲಿ ಸಾಮಾನ್ಯ ಯುಎಸ್ ಹಿಸ್ಟರಿಯ ಸೀಟಿದೆಯೇ, ಒಂದನೇ ಪಿರಿಯಡ್‌ನಲ್ಲಿ ಪ್ರಿಕ್ಯಾಲ್ಕುಲಸ್ ನಡೆಯುತ್ತದೆಯೇ, ಆರ್ಕೆಸ್ಟ್ರಾ ಬಿಡಲು ಇಷ್ಟವಿಲ್ಲ, ಗುರುವಾರದೊಳಗೆ ಐದು ನಿಮಿಷ ಸಿಗಬಹುದೇ. ಸೀಟು ತುಂಬಿದೆ ಅಂದರೆ ಕಾಯುವ ಪಟ್ಟಿಗೆ ಹೆಸರು ಹಾಕಿಸಿ. ಗಡುವಿನ ಹೊತ್ತಿಗೆ ಬೇರೆಯವರೂ ಅತ್ತಿತ್ತ ಹೋಗುತ್ತಾರೆ, ಸೀಟುಗಳು ಖಾಲಿಯಾಗುತ್ತವೆ. ಹೊಸ ಟೈಮ್‌ಟೇಬಲ್ ಕೈಗೆ ಬರುವ ತನಕ ಹಳೆಯ ಕ್ಲಾಸಿಗೇ ಹೋಗುತ್ತಿರಲಿ, ಹೋಮ್‌ವರ್ಕ್ ನಿಲ್ಲಿಸದಿರಲಿ. ಬಿಡುವ ಕ್ಲಾಸು ಅಂತ ಕೈಬಿಟ್ಟು, ಬದಲಾವಣೆ ಸಿಗದೆ ಅಲ್ಲೇ ಉಳಿದರೆ ಆ ಸೊನ್ನೆಗಳೂ ಉಳಿಯುತ್ತವೆ.

ಬದಲಾವಣೆ ಆದಮೇಲೆ ಹೊಸ ಟೀಚರ್ ಹತ್ತಿರ, ಹಳೆಯ ಕ್ಲಾಸಿನ ಅಂಕ ಜೊತೆಗೆ ಬರುತ್ತದೆಯೋ ಹೊಸದಾಗಿ ಶುರುವೋ ಎಂದು ಕೇಳಿಕೊಳ್ಳಲಿ. ಎಪಿ ಪರೀಕ್ಷೆಗಳ ಆರ್ಡರ್ ಶಾಲೆಯಿಂದ ಹೋಗಲು ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ ಮಧ್ಯದಲ್ಲಿ ಬರುತ್ತದೆ. ಬಿಟ್ಟ ವಿಷಯದ ಪರೀಕ್ಷೆ ಅದರಲ್ಲಿ ಉಳಿದುಕೊಂಡು ಆಮೇಲೆ ರದ್ದು ಮಾಡಿಸಿದರೆ 40 ಡಾಲರ್ ದಂಡ ಬೀಳುತ್ತದೆ. ಅಕ್ಟೋಬರ್‌ನಲ್ಲೇ ಒಮ್ಮೆ ಆ ಪಟ್ಟಿ ನೋಡಿಬಿಡಿ.